ಚಪಾತಿ ಡಬ್ಬಿಯಲ್ಲಿ ಹೋದ ಕೋಶಗಳು

ಡಿಸೆಂಬರ್ ಬಂತೆಂದರೆ ಜಯನಗರದ ನಮ್ಮ ಮನೆಯಲ್ಲಿ ಮೊಸರಿನ ತಾಪತ್ರಯ ಶುರುವಾಗುತ್ತದೆ. ಹಿಂದಿನ ದಿನ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲಾಗಿಯೇ ಇರುತ್ತದೆ. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅಡುಗೆಮನೆಯ ಅರ್ಧ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದಾರೆ, ಹೆಪ್ಪು ಹಾಕುವುದು ಅವರ ಖಾತೆ. ಮೊಸರಾಗದ ದಿನ ಅವರು ಮೊದಲು ಹಾಲಿನವನನ್ನು ಬೈಯುತ್ತಾರೆ, ಆಮೇಲೆ ಹೆಪ್ಪನ್ನು, ಕೊನೆಗೆ ದಾರಿಯಲ್ಲಿ ಸಿಕ್ಕಿದ ನನ್ನನ್ನು. ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಚಪಾತಿಯ ಹಾಟ್‌ಬಾಕ್ಸ್‌ನೊಳಗೆ ಇಡಿ ಎಂದು ನಾನು ಪ್ರತಿ ವರ್ಷವೂ ಹೇಳುತ್ತೇನೆ. ಪ್ರತಿ ವರ್ಷವೂ ಅವರು ಅದನ್ನು ಹೊಸದಾಗಿ ಕೇಳಿಸಿಕೊಳ್ಳುತ್ತಾರೆ.

ಮೊಸರಿನಿಂದಲೇ ಶುರುಮಾಡಲು ಕಾರಣವಿದೆ. ನಾನು ಜೀವಕೋಶಗಳನ್ನು ನೋಡುತ್ತಲೇ ಆಯುಷ್ಯ ಕಳೆದವಳು. ಬನಶಂಕರಿಯ ಒಂದು ಸಂಸ್ಥೆಯಲ್ಲಿ ಪಾಠ ಹೇಳುತ್ತ, ವಿದ್ಯಾರ್ಥಿಗಳಿಗೆ ಪಿಎಚ್.ಡಿ. ಮಾಡಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡೆ. ನಿವೃತ್ತಿಗೆ ಮುಂಚಿನ ಕೊನೆಯ ಚಳಿಗಾಲದಲ್ಲಿ ನನ್ನ ಬದುಕಿನ ದೊಡ್ಡ ಗೆಲುವು ಬಂತು, ಅದೇ ಚಳಿಗಾಲದಲ್ಲಿ ವಾಪಸೂ ಹೋಯಿತು.

ಕೋಶ ಎಂದರೆ ಹೆಚ್ಚಿನವರ ಮನಸ್ಸಿನಲ್ಲಿ ನೀರು ತುಂಬಿದ ಬಲೂನಿನ ಚಿತ್ರವಿರುತ್ತದೆ. ಶಾಲೆಯಲ್ಲಿ ನಾವೆಲ್ಲ ಬರೆದದ್ದೂ ಅದನ್ನೇ. ಒಂದು ಗುಂಡನೆಯ ಗೆರೆ, ನಡುವೆ ಒಂದು ದೊಡ್ಡ ಚುಕ್ಕೆ, ಅದಕ್ಕೆ ಬಾಣದ ಗುರುತು ಹಾಕಿ ನ್ಯೂಕ್ಲಿಯಸ್ ಎಂದು ಬರೆದರೆ ಐದು ಅಂಕ. ಒಳಗೆ ಬರೀ ನೀರೇ ಇದ್ದರೆ ಅದು ಆಕಾರ ಹಿಡಿದು ನಿಲ್ಲುವುದು ಹೇಗೆ, ಗಾಯವಾದಾಗ ಚರ್ಮದ ಕೋಶಗಳು ಅಂಚಿನಿಂದ ತೆವಳಿ ಬಂದು ಗಾಯ ಮುಚ್ಚುವುದು ಹೇಗೆ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ, ಐದು ಅಂಕ ಸಿಕ್ಕಿತ್ತಲ್ಲ.

ಕೋಶದೊಳಗೆ ಅಸ್ಥಿಪಂಜರವಿದೆ. ಮೂಳೆಯದಲ್ಲ, ಪ್ರೋಟೀನಿನದು. ಅಂಚಿನ ಉದ್ದಕ್ಕೂ ತೆಳ್ಳನೆಯ ಎಳೆಗಳ ಹೆಣಿಗೆ. ಕೋಶ ಮುಂದೆ ಸರಿಯಬೇಕಾದರೆ ಆ ಕಡೆಗೆ ಈ ಎಳೆಗಳು ಬೆಳೆದು ಅಂಚನ್ನು ತಳ್ಳುತ್ತವೆ. ಇನ್ನೊಂದು ಬಗೆ, ನಾನು ಮನಸೋತದ್ದು, ನಡುವಿನಿಂದ ಹೊರಟು ಮೂಲೆಮೂಲೆಗೂ ಚಾಚಿಕೊಳ್ಳುವ ಟೊಳ್ಳು ನಳಿಗೆಗಳು. ಪುಸ್ತಕದಲ್ಲಿ ಅದಕ್ಕೆ ಮೈಕ್ರೊಟ್ಯೂಬ್ಯೂಲ್ ಎಂಬ ಉದ್ದನೆಯ ಹೆಸರಿದೆ. ನಾನು ಇಲ್ಲಿ ನಳಿಗೆ ಎಂದೇ ಕರೆಯುತ್ತೇನೆ, ನಾಲಿಗೆಗೆ ಹಿತ. ಕೋಶದ ತುಂಬ ತೇಲಾಡುವ ಮಣಿಗಳಂಥ ಪ್ರೋಟೀನುಗಳು ಒಂದಕ್ಕೊಂದು ಕೂಡಿ ಈ ನಳಿಗೆಗಳಾಗುತ್ತವೆ. ಅವುಗಳ ಮೇಲೆ ಎರಡು ಕಾಲಿನ ಪುಟ್ಟ ಪ್ರೋಟೀನುಗಳು ಸರಕು ಹೊತ್ತು ಹೆಜ್ಜೆ ಹಾಕುತ್ತವೆ. ಬೆನ್ನುಹುರಿಯ ಹತ್ತಿರ ಇರುವ ನರಕೋಶ ಕಾಲಿನ ಬೆರಳ ತುದಿಗೆ ಏನಾದರೂ ಕಳಿಸಬೇಕಾದರೆ ಇದೇ ದಾರಿ.

ಸ್ವಾರಸ್ಯವೆಂದರೆ ಈ ಅಸ್ಥಿಪಂಜರ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಒಂದು ನಳಿಗೆ ತುದಿಯಲ್ಲಿ ಬೆಳೆಯುತ್ತ ಬೆಳೆಯುತ್ತ ಹೋಗಿ ಇದ್ದಕ್ಕಿದ್ದ ಹಾಗೆ ಕಳಚಿಕೊಳ್ಳುತ್ತದೆ, ಮಣಿಗಳು ಚೆಲ್ಲಾಪಿಲ್ಲಿ. ಅದೇ ಮಣಿಗಳಿಂದ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ನಾವು ಮದುವೆಗೊಂದು ಚಪ್ಪರ ಹಾಕಿ, ಮದುವೆ ಮುಗಿದ ಮೇಲೆ ಬಿಚ್ಚುತ್ತೇವೆ. ಕೋಶ ಹಾಕುತ್ತಲೇ ಬಿಚ್ಚುತ್ತ, ಬಿಚ್ಚುತ್ತಲೇ ಹಾಕುತ್ತ ಅದರಡಿಯಲ್ಲೇ ಸಂಸಾರ ಮಾಡುತ್ತದೆ. ಒಂದು ಕೋಶ ಎರಡಾಗುವ ಹೊತ್ತಿಗಂತೂ ಇದ್ದ ದಾರಿಗಳನ್ನೆಲ್ಲ ಕಿತ್ತುಹಾಕಿ, ಅದೇ ಮಣಿಗಳಿಂದ ಹೊಸ ನಳಿಗೆಗಳನ್ನು ಕಟ್ಟಿ, ಅವುಗಳಿಂದ ವರ್ಣತಂತುಗಳನ್ನು ಎರಡು ಪಾಲು ಮಾಡಿ ಎಳೆಯುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ. ಊಟ ಮರೆಯುವ ಜಾತಿಯವಳಲ್ಲ ನಾನು.

ನಳಿಗೆಗಳೆಲ್ಲ ನ್ಯೂಕ್ಲಿಯಸ್ಸಿನ ಪಕ್ಕದ ಒಂದು ಬಿಂದುವಿನಿಂದ ಹೊರಡುತ್ತವೆ. ಅಲ್ಲಿ ಅವುಗಳನ್ನು ಹಿಡಿದು ನಿಲ್ಲಿಸುವುದು ಯಾವುದು? ಚಿಕ್ಕ ವಯಸ್ಸಿನಲ್ಲೇ ನನಗೊಂದು ಪ್ರೋಟೀನು ಸಿಕ್ಕಿತ್ತು, ಸರಿಯಾಗಿ ಆ ಬಿಂದುವಿನಲ್ಲೇ ಕೂರುವಂಥದ್ದು. ಇದಿಲ್ಲದೆ ನಳಿಗೆಗಳು ನಿಲ್ಲಲಾರವು ಎಂದು ನಾನು ಹೇಳಿದೆ. ಹೇಳುತ್ತಲೇ ಬಂದೆ. ಅದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿಗಳು ಬೆರೆತ ಒಂದು ಹೆಸರಿತ್ತು. ಮನೆಯಲ್ಲಿ ಯಜಮಾನರು ಅದನ್ನು ಗೂಟ ಎಂದು ಕರೆದರು, ಗೂಟವೆಂದೇ ಉಳಿಯಿತು. "ನಿನ್ನ ಗೂಟ ಹೇಗಿದೆ?" ಎಂದು ಸಂಜೆ ಕೇಳುವುದು, "ಗೂಟದ ಕಾರು ಯಾವಾಗ ಬರುತ್ತೆ, ನಾನೂ ಕೂರಬಹುದಾ?" ಎಂದು ಮಂತ್ರಿಗಳ ಕೆಂಪು ದೀಪದ ಕಾರನ್ನು ನೆನೆದು ಛೇಡಿಸುವುದು ಅವರ ನಿತ್ಯದ ಕಾಫಿಯ ಜೊತೆಯ ತಿಂಡಿ.

ನಮ್ಮ ಕ್ಷೇತ್ರದ ವಿಜ್ಞಾನಿಗಳು ಮಾತ್ರ ನನ್ನ ಗೂಟವನ್ನು ಅಷ್ಟಾಗಿ ಒಪ್ಪಿರಲಿಲ್ಲ. ಅದು ಅಲ್ಲಿ ಇದೆ, ಸರಿ. ಅದೇ ಹಿಡಿದಿದೆ ಎನ್ನಲು ಪುರಾವೆ? ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಒಬ್ಬ ಸಹೋದ್ಯೋಗಿ ಹಜಾರದಲ್ಲಿ ಆಡಿದ್ದು ನನ್ನ ಕಿವಿಗೂ ಬಿದ್ದಿತ್ತು. ಬೀಳಲಿ ಎಂದೇ ಆಡಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅಂದು ಕೋಪ ಬರಲಿಲ್ಲ, ದುಃಖವಾಯಿತು. ಪುರಾವೆ ಇಲ್ಲ ಎಂಬುದು ನಿಜವೇ ಆಗಿತ್ತು. ಕೋಶದಿಂದ ಆ ಪ್ರೋಟೀನನ್ನು ಪೂರ್ತಿ ತೆಗೆಯುವ ವಿದ್ಯೆ ನಮಗೆ ದಕ್ಕಿರಲಿಲ್ಲ.

ಆ ವಿದ್ಯೆಯನ್ನು ದಕ್ಕಿಸಿಕೊಂಡವಳು ನನ್ನ ಕೊನೆಯ ವಿದ್ಯಾರ್ಥಿನಿ. ಹೊಸಕೆರೆಹಳ್ಳಿಯ ಹುಡುಗಿ. ತಾತನ ಕಾಲಕ್ಕೆ ಅವರಿಗೆ ಕೆರೆಯ ಕೆಳಗೆ ಹೊಲಗದ್ದೆ ಇತ್ತಂತೆ. ಈಗ ಅಲ್ಲಿ ಅಪ್ಪ ಕಟ್ಟಿಸಿದ ಮಹಡಿಗಳಿವೆ, ಬಾಡಿಗೆದಾರರಿದ್ದಾರೆ. ಅವಳನ್ನು ಸೇರಿಸಲು ಬಂದಿದ್ದ ಅಪ್ಪ, "ಎಷ್ಟ್ ವರ್ಷ ಬೇಕಾದ್ರೂ ಓದ್ಲಿ ಮೇಡಂ, ಬಾಡಿಗೆ ಬರ್ತಾ ಇರುತ್ತೆ" ಎಂದು ನನಗೇ ಧೈರ್ಯ ಹೇಳಿ ಹೋಗಿದ್ದರು. ಅವಳು ಮೊದಲು ಇನ್ನೊಂದು ಪ್ರಯೋಗಾಲಯದಲ್ಲಿ ಪ್ರೋಟೀನು ಶುದ್ಧಿಮಾಡುವ ಕೆಲಸ ಕಲಿತಿದ್ದಳು. ಕೈ ಅಚ್ಚುಕಟ್ಟು, ಬಾಯಿ ಜೋರು, ನಗು ಇನ್ನೂ ಜೋರು. ಗೂಟದ ವಂಶವಾಹಿಯನ್ನೇ ಕತ್ತರಿಸಿ ತೆಗೆದ ಕೋಶಗಳನ್ನು ಅವಳು ಬೆಳೆಸಿ ತೋರಿಸಿದಾಗ ನಾನು ಅವಳಿಗೆ ಗಾಂಧಿಬಜಾರಿನಿಂದ ಮಲ್ಲಿಗೆ ತಂದು ಮುಡಿಸಿದೆ.

ಇನ್ನು ಆ ಕೋಶಗಳೊಳಗೆ ನಳಿಗೆ ಇದೆಯೋ ಇಲ್ಲವೋ ನೋಡುವುದೊಂದೇ ಬಾಕಿ. ನಮ್ಮ ಸೂಕ್ಷ್ಮದರ್ಶಕ ಹಳೆಯದು. ಒಳ್ಳೆಯದೊಂದು ಕೋಣನಕುಂಟೆಯ ಆಚೆ, ಕನಕಪುರ ರಸ್ತೆಯ ಇನ್ನೊಂದು ಸಂಸ್ಥೆಯಲ್ಲಿತ್ತು. ಅವಳು ಸ್ಕೂಟರಿನಲ್ಲಿ ಹೋಗಿ ಬಂದು ಮಾಡುತ್ತಿದ್ದಳು. ಮಂಡಿನೋವಿನವಳಾದ ನಾನು ಆ ಕಟ್ಟಡದ ಮೆಟ್ಟಿಲುಗಳಿಗೆ ಹೆದರಿ ಇಲ್ಲೇ ಉಳಿಯುತ್ತಿದ್ದೆ.

ಕಾರ್ತಿಕ ಕಳೆದು ಚಳಿ ಕೂರುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನನ್ನ ಕೋಣೆಗೆ ಬಂದಳು.

"ಮೇಡಂ, ಒಂದ್ಸಲ ನೋಡಿ. ನಾನೇನೂ ಹೇಳಲ್ಲ."

ಬಣ್ಣ ಹಾಕಿ ತೆಗೆದ ಎರಡು ಚಿತ್ರಗಳು. ಎಡಗಡೆ ಮಾಮೂಲಿ ಕೋಶ. ನ್ಯೂಕ್ಲಿಯಸ್ ನೀಲಿ, ಅಂಚಿನ ಎಳೆಗಳು ಕೆಂಪು, ಒಳಗೆಲ್ಲ ಹಸಿರು ನಳಿಗೆಗಳು ಕೈಚಾಚಿ ತುಂಬಿಕೊಂಡಿವೆ. ಬಲಗಡೆ ಗೂಟವಿಲ್ಲದ ನಮ್ಮ ಕೋಶ. ನೀಲಿ ಇದೆ, ಕೆಂಪು ಇದೆ. ಹಸಿರು ನಳಿಗೆ ಒಂದೂ ಇಲ್ಲ. ಬರೀ ಹಸಿರು ಮಂಜು. ಮಣಿಗಳಿವೆ, ಯಾವುದೂ ನಳಿಗೆಯಾಗಿಲ್ಲ.

ಗೂಟ ಕಿತ್ತರು, ಚಪ್ಪರ ಬಿತ್ತು. ನಾನು ಆಯುಷ್ಯವಿಡೀ ಹೇಳಿದ್ದು ಒಂದು ಚಿತ್ರದಲ್ಲಿತ್ತು. ಅವಳನ್ನು ಕ್ಯಾಂಟೀನಿಗೆ ಕಳಿಸಿ, ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತೆ. ಸಂತೋಷಕ್ಕೆ ಅಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಮಾಷೆ. ಆ ದಿನ ನನ್ನನ್ನು ತಮಾಷೆ ಮಾಡಲು ಯಾರೂ ಇರಲಿಲ್ಲ.

ಮತ್ತೆ ಮಾಡಿಸಿದೆ. ಮತ್ತೆ ಅದೇ. ಇನ್ನೊಮ್ಮೆ ಮಾಡಿಸಿದೆ, ಇನ್ನೊಮ್ಮೆಯೂ ಅದೇ. ನಿವೃತ್ತಿಗೆ ಮುಂಚೆ ಸಂಕ್ರಾಂತಿ ಕಳೆದ ಮೇಲೆ ನನ್ನದೊಂದು ಉಪನ್ಯಾಸ ಇಡುವುದೆಂದಾಯಿತು. ಹೆಗ್ಗಣದ ಮಾತಾಡಿದ್ದ ಸಹೋದ್ಯೋಗಿ ಚಿತ್ರಗಳನ್ನು ನೋಡಿ, "ಸೋತೆ ಮೇಡಂ" ಎಂದು ಕೈಮುಗಿದರು. ಯಜಮಾನರು ಕೇಸರಿಭಾತು ಮಾಡಿದರು, ದ್ರಾಕ್ಷಿ ಕಪ್ಪಾಗಿತ್ತು, ಪರವಾಗಿಲ್ಲ. "ಇನ್ನೇನು, ಕಾರು ಗೇಟಿಗೆ ಬಂದ ಹಾಗೇ" ಎಂದರು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡಿ" ಎಂದು ಗದರಿದೆ. ಒಳಗೆ ನಾನಾಗಲೇ ಕುಲಾವಿ ಹೊಲಿದು ಮುಗಿಸಿ, ಅಂಚಿಗೆ ಲೇಸು ಹಚ್ಚುತ್ತಿದ್ದೆ.

ಉಪನ್ಯಾಸಕ್ಕೆ ಒಂದು ಸೊಗಸಾದ ಚಿತ್ರವನ್ನು ನಾನೇ ಆರಿಸಬೇಕೆಂದು ಆಸೆಯಾಯಿತು. ಮಂಡಿಗೆ ಪಟ್ಟಿ ಕಟ್ಟಿಕೊಂಡು ಒಂದು ಬೆಳಿಗ್ಗೆ ಅವಳ ಸ್ಕೂಟರಿನ ಹಿಂದೆ ಕೂತೆ. ಅವಳು ಒಂದು ಥರ್ಮೊಕೋಲ್ ಪೆಟ್ಟಿಗೆ ತಂದು, "ಮೇಡಂ, ಇದನ್ನ ತೊಡೆ ಮೇಲೆ ಇಟ್ಕೊಳ್ತೀರಾ? ದಿನಾ ಕಾಲ ಹತ್ರ ಇಟ್ಕೊಂಡ್ ಹೋಗ್ತೀನಿ, ಹಂಪ್ ಬಂದಾಗೆಲ್ಲಾ ಜೀವ ಹೋಗುತ್ತೆ" ಎಂದಳು. ಇಟ್ಟುಕೊಂಡೆ.

ಬನಶಂಕರಿ ದೇವಸ್ಥಾನ ದಾಟಿದೆವು. ಸಾರಕ್ಕಿ ಸಿಗ್ನಲಿನಲ್ಲಿ ಎಂದಿನಂತೆ ನಿಂತೆವು. ಮೆಟ್ರೊ ಕಂಬಗಳ ನೆರಳಿನಲ್ಲಿ ಬಸ್ಸು, ಆಟೊ, ಸೊಪ್ಪಿನ ಗಾಡಿ, ಎಲ್ಲರೂ ಹಾರನ್ನು ಒತ್ತಿ ಸಿಗ್ನಲನ್ನು ಹಸಿರು ಮಾಡುವ ಪ್ರಯತ್ನದಲ್ಲಿದ್ದರು. ಅಲ್ಲಿ ನಿಂತಾಗ ನನ್ನ ತೊಡೆ ತಣ್ಣಗಾಗುತ್ತಿರುವುದು ತಿಳಿಯಿತು. ಸೀರೆಯ ಮೂಲಕ ಚಳಿ ಇಳಿಯುತ್ತಿತ್ತು. ಪೆಟ್ಟಿಗೆಯ ಕೆಳಗೆ ಕೈ ಇಟ್ಟು ನೋಡಿದೆ.

"ಒಳಗೇನಮ್ಮ ಇದು ಇಷ್ಟು ತಣ್ಣಗೆ?"

"ನಮ್ಮ ಸೆಲ್ಸ್ ಮೇಡಂ, ಐಸಲ್ಲಿಟ್ಟಿದೀನಿ."

"ಫಿಕ್ಸ್ ಮಾಡಿದೀಯ ತಾನೆ?"

ಫಿಕ್ಸ್ ಎಂದರೆ ಕೋಶವನ್ನು ಒಂದು ರಾಸಾಯನಿಕದಿಂದ ಅದಿದ್ದ ಭಂಗಿಯಲ್ಲೇ ಕೊಂದು ನಿಲ್ಲಿಸುವುದು. ಆ ಗಳಿಗೆಯಲ್ಲಿ ಒಳಗೆ ಏನು ನಿಂತಿತ್ತೋ ಅದು ನಿಂತೇ ಇರುತ್ತದೆ. ಆಮೇಲೆ ಚಳಿಯಾದರೇನು, ಮಳೆಯಾದರೇನು. ಅವಳು ಅದನ್ನು ನಮ್ಮಲ್ಲೇ ಮಾಡಿ ಒಯ್ಯುತ್ತಾಳೆ ಎಂದೇ ನಾನು ತಿಳಿದಿದ್ದೆ.

"ಇಲ್ಲ ಮೇಡಂ. ನಮ್ಮಲ್ಲಿ ಹೊಗೆ ಎಳೆಯೋ ಫ್ಯಾನು ದಸರಾದಿಂದ ಕೆಟ್ಟಿದೆಯಲ್ಲಾ. ಆ ವಾಸನೆ ಕುಡಿಯೋಕಾಗಲ್ಲ ಅಂತ ಅಲ್ಲೇ ಹೋಗಿ ಮಾಡ್ತಿದೀನಿ. ದಾರೀಲಿ ಕೆಡಬಾರ್ದು ಅಂತ ಐಸು."

ಸಿಗ್ನಲು ಬಿಟ್ಟಿತು, ಸ್ಕೂಟರು ಹೊರಟಿತು. ನಾನು ಅವಳ ಹೆಲ್ಮೆಟ್ಟಿನ ಹತ್ತಿರ ಬಾಗಿ ಕೂಗಿ ಕೇಳಿದೆ. "ಮಾಮೂಲಿ ಸೆಲ್ಸೂ ಇದರಲ್ಲೇ ಇದೆಯಾ?"

"ಇಲ್ಲ ಮೇಡಂ, ಅದು ಅವರ ಹತ್ರಾನೇ ಬೆಳೀತಿದೆಯಲ್ಲಾ! ಅಲ್ಲಿರೋದನ್ನ ಇಲ್ಲಿಂದ ಯಾಕೆ ಹೊತ್ಕೊಂಡ್ ಹೋಗೋದು ಅಂತ ನಮ್ಮದ್ ಮಾತ್ರ ತರ್ತೀನಿ!"

ಹೆಮ್ಮೆಯಿಂದಲೇ ಹೇಳಿದಳು. ಒಂದು ಹನಿ ದ್ರಾವಣವನ್ನೂ ದಂಡ ಮಾಡಬಾರದು, ಇದ್ದದ್ದರಲ್ಲೇ ಸಾಗಿಸಬೇಕು ಎಂಬುದು ನಮ್ಮ ಪ್ರಯೋಗಾಲಯದ ಧರ್ಮ. ಸಾರಿಗೆ ಹಾಕಿದ ಕರಿಬೇವಿನ ಕಡ್ಡಿಯನ್ನೂ ತೊಳೆದಿಟ್ಟುಕೊಳ್ಳುವ ಮನೆತನದಿಂದ ಬಂದ ನಾನು ಹಾಕಿಕೊಟ್ಟದ್ದು. ಪ್ರೋಟೀನು ಶುದ್ಧಿಮಾಡುವ ಪ್ರಯೋಗಾಲಯಗಳಲ್ಲಿ ಎಲ್ಲವನ್ನೂ ಐಸಿನಲ್ಲಿಡುವುದು ಧರ್ಮ. ಅವಳು ಎರಡು ಮನೆಯ ಧರ್ಮವನ್ನೂ ಚಾಚೂ ತಪ್ಪದೆ ಪಾಲಿಸಿದ್ದಳು.

ನಳಿಗೆಗಳಿಗೆ ಚಳಿ ಆಗಿಬರುವುದಿಲ್ಲ. ಅದು ಪಠ್ಯಪುಸ್ತಕದಲ್ಲಿ ಒಂದು ಸಾಲು. ನಾನೇ ವರ್ಷವರ್ಷವೂ ಕರಿಹಲಗೆಯ ಮುಂದೆ ನಿಂತು ಹೇಳಿದ ಸಾಲು. ಐಸಿನ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆಲ್ಲ ನಳಿಗೆಗಳು ಬಿಚ್ಚಿಕೊಂಡು ಮಣಿಮಣಿಯಾಗುತ್ತವೆ. ಅಂಚಿನ ಎಳೆಗಳು ತಡೆದುಕೊಳ್ಳುತ್ತವೆ. ಕೆಂಪು ಇರುತ್ತದೆ, ಹಸಿರು ಹೋಗುತ್ತದೆ. ಬೆಚ್ಚಗೆ ತಮ್ಮ ಮನೆಯಲ್ಲೇ ಇದ್ದ ಮಾಮೂಲಿ ಕೋಶಗಳಲ್ಲಿ ನಳಿಗೆಗಳು ತುಂಬಿದ್ದವು. ಬನಶಂಕರಿಯಿಂದ ಕೋಣನಕುಂಟೆಯವರೆಗೆ ಐಸಿನ ಮೇಲೆ ಕೂತು, ಎಲ್ಲ ಸಿಗ್ನಲಿನಲ್ಲೂ ಕಾದು ಬಂದ ನಮ್ಮ ಕೋಶಗಳಲ್ಲಿ ಮಂಜು. ಗೂಟ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಅವಳಿಗೆ ಏನೂ ಹೇಳಲಿಲ್ಲ. ಅಲ್ಲಿ ಹೋಗಿ, ಮೆಟ್ಟಿಲು ಹತ್ತಿ, ಅವಳು ತೋರಿಸಿದ ಚಿತ್ರಗಳನ್ನೆಲ್ಲ ನೋಡಿದೆ. ಒಂದಕ್ಕಿಂತ ಒಂದು ಚಂದ. "ಸಖತ್ತಾಗಿದೆ ಅಲ್ವಾ ಮೇಡಂ?" ಎಂದಳು. ಹೌದಮ್ಮ ಎಂದೆ. ತಲೆನೋವೆಂದು ಸುಳ್ಳು ಹೇಳಿ ಕೋಣನಕುಂಟೆ ಕ್ರಾಸಿನಲ್ಲಿ ಒಬ್ಬಳೇ ಮೆಟ್ರೊ ಹತ್ತಿದೆ.

ಜಯನಗರ ಬರುವವರೆಗೆ ನನ್ನ ಮನಸ್ಸಿನಲ್ಲಿ ಏನು ಓಡಿತೋ ಅದನ್ನು ಮುಚ್ಚಿಡುವುದಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅವಳಿಗೇ ತಿಳಿದಿಲ್ಲ. ಉಪನ್ಯಾಸವಾಗುತ್ತದೆ, ಅವಳಿಗೆ ಡಿಗ್ರಿ ಸಿಗುತ್ತದೆ, ನನಗೆ ಶಾಲು ಹೊದಿಸುತ್ತಾರೆ. ಇನ್ನೊಬ್ಬರು ಯಾರಾದರೂ ಮಾಡಿ ನೋಡಿ ತಪ್ಪು ಕಂಡುಹಿಡಿಯುವ ಹೊತ್ತಿಗೆ ನಾನು ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿರುತ್ತೇನೆ. ಅದೂ ಅಲ್ಲದೆ, ಗೂಟ ಸುಳ್ಳೆಂದು ಇನ್ನೂ ಸಾಬೀತಾಗಿಲ್ಲವಲ್ಲ? ಬೆಚ್ಚಗೆ ಒಯ್ದು ನೋಡಿದರೂ ಮಂಜೇ ಕಾಣಬಹುದಲ್ಲ? ಹಾಗಾದರೆ ನೋಡುವುದಕ್ಕೇಕೆ ಭಯ? ಭಯ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ನನ್ನದು ಬಾಯಿಗೂ ಬಂದು, ರುಚಿಯೂ ಹತ್ತಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಯಜಮಾನರ ಗೊಣಗಾಟ ಕೇಳಿಸಿತು.

"ಈ ಹೆಪ್ಪೇ ಸರಿ ಇಲ್ಲ ಕಣೇ. ನೋಡು, ಮತ್ತೆ ಹಾಲೇ."

"ಹೆಪ್ಪಿನ ತಪ್ಪಲ್ಲ ರೀ. ಚಳಿ" ಎಂದೆ.

ನನ್ನ ಬಾಯಿಂದಲೇ ಬಂದ ಮಾತು. ಅದನ್ನು ಆಡಿದ ಮೇಲೆ ನಿಲ್ಲಲಾಗಲಿಲ್ಲ, ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಥರ್ಮೊಕೋಲ್ ಪೆಟ್ಟಿಗೆ, ಸಾರಕ್ಕಿ ಸಿಗ್ನಲು, ಮೆಟ್ರೊದಲ್ಲಿ ಬಂದ ಯೋಚನೆ, ಎಲ್ಲ. ಅವರು ಗೂಟದ ಕಾರಿನ ಮಾತು ತೆಗೆಯಲಿಲ್ಲ. ಹಾಟ್‌ಬಾಕ್ಸನ್ನು ಮೇಲಿನಿಂದ ಇಳಿಸಿ, ತೊಳೆದು, ಒಳಗೆಲ್ಲ ಒಣಬಟ್ಟೆಯಲ್ಲಿ ಒರೆಸಿ ನನ್ನ ಮುಂದಿಟ್ಟರು.

"ಇದರಲ್ಲಿ ತಗೊಂಡ್ ಹೋಗು."

"ಚಪಾತಿಗೆ?"

"ಚಪಾತಿ ಒಂದಿನ ತಣ್ಣಗೆ ತಿನ್ನೋಣ ಬಿಡು."

ಇಷ್ಟು ವರ್ಷದ ಸಂಸಾರದಲ್ಲಿ ಇವರ ಮೇಲೆ ನಾನು ಹೊರಿಸಿದ ಆರೋಪಗಳಲ್ಲಿ ಅರ್ಧವನ್ನು ಆ ಗಳಿಗೆಯಲ್ಲಿ ವಾಪಸು ತೆಗೆದುಕೊಂಡೆ. ಇನ್ನರ್ಧ ಹಾಗೇ ಇದೆ.

ಹುಡುಗಿ ಹಾಟ್‌ಬಾಕ್ಸ್ ನೋಡಿ ಮೊದಲು ನಕ್ಕಳು. "ಊಟ ತಂದಿದೀರಾ ಮೇಡಂ?" ಹೇಳದೆ ಕರೆದೊಯ್ಯುವುದು ಸರಿಯಲ್ಲ ಅನ್ನಿಸಿತು. ಕೂರಿಸಿ ಹೇಳಿದೆ. ಐಸು ಎನ್ನುವ ಮಾತು ಬಂದೊಡನೆ ಅವಳಿಗೆ ಉಳಿದದ್ದು ತಿಳಿದುಹೋಯಿತು, ಬುದ್ಧಿವಂತೆ. ಮುಖ ಸಣ್ಣದಾಯಿತು. ಎದ್ದು ಹೋಗಿ ಕೋಶದ ತಟ್ಟೆಗಳನ್ನು ತಂದಳು. ಗೂಟವಿಲ್ಲದ್ದು, ಮಾಮೂಲಿ, ಎರಡೂ. ಒಂದೊಂದು ಜೊತೆಯನ್ನು ಟವೆಲು, ಬಿಸಿನೀರಿನ ಬಾಟಲಿಯ ಜೊತೆ ಹಾಟ್‌ಬಾಕ್ಸ್‌ನಲ್ಲಿಟ್ಟೆವು. ಇನ್ನೊಂದೊಂದು ಜೊತೆಯನ್ನು ಎಂದಿನ ಐಸಿನ ಪೆಟ್ಟಿಗೆಯಲ್ಲಿ. ಹಾಟ್‌ಬಾಕ್ಸ್ ನನ್ನ ತೊಡೆಯ ಮೇಲೆ, ಐಸು ಅವಳ ಕಾಲ ಬಳಿ. ಸಾರಕ್ಕಿ ಸಿಗ್ನಲಿನಲ್ಲಿ ಪಕ್ಕದ ಆಟೊದವನು, "ಏನಾಂಟಿ, ಹೋಳಿಗೆನಾ? ಘಮ ಬರ್ತಾನೇ ಇಲ್ಲ?" ಎಂದ. ಇಲ್ಲಪ್ಪ ಎಂದೆ.

ಫಿಕ್ಸ್ ಮಾಡಿ ಬಣ್ಣ ಹಾಕುವುದಕ್ಕೆ ಗಂಟೆಗಳೇ ಹಿಡಿಯುತ್ತವೆ. ನಡುವೆ ಹತ್ತಿರದ ದರ್ಶಿನಿಯಲ್ಲಿ ನಿಂತುಕೊಂಡು ಇಡ್ಲಿ ತಿಂದೆವು. ಅವಳು ಚಟ್ನಿ ಮುಟ್ಟಲಿಲ್ಲ. "ಬೆಚ್ಚಗಿಟ್ಟಿದ್ರಲ್ಲೂ ಟ್ಯೂಬ್ಸ್ ಇಲ್ದೇ ಇರಬಹುದಲ್ವಾ ಮೇಡಂ?" ಎಂದು ಒಮ್ಮೆ ಕೇಳಿದಳು. ಇರಬಹುದಮ್ಮ ಎಂದೆ. ಎರಡು ಇಡ್ಲಿ ತಿನ್ನುವಷ್ಟು ಹೊತ್ತು ನಾವಿಬ್ಬರೂ ಅದನ್ನು ನಂಬಿದೆವು.

ಸಂಜೆ ಪರದೆಯ ಮೇಲೆ ಮೊದಲು ಬಂದದ್ದು ಐಸಿನಲ್ಲಿ ಬಂದ ಮಾಮೂಲಿ ಕೋಶ. ಅದರೊಳಗೆ ಗೂಟವಿತ್ತು, ನಳಿಗೆ ಇರಲಿಲ್ಲ. ಹಸಿರು ಮಂಜು. ಆಮೇಲೆ ಹಾಟ್‌ಬಾಕ್ಸ್‌ನಲ್ಲಿ ಬಂದ ನಮ್ಮ ಗೂಟವಿಲ್ಲದ ಕೋಶ. ಅದರ ತುಂಬ ನಳಿಗೆಗಳು, ಒಂದೂ ಕಡಿಮೆಯಿಲ್ಲದ ಹಾಗೆ ಮೂಲೆಮೂಲೆಗೆ ಹೋಗಿದ್ದವು.

"ಇದೆ ಮೇಡಂ" ಎಂದಳು. ಮನೆಯಲ್ಲಿ ಯಾರಿಗೋ ಜ್ವರ ಎಂದು ಹೇಳುವ ದನಿಯಲ್ಲಿ.

ಆಮೇಲೆ ತಲೆ ತಗ್ಗಿಸಿ ಕೂತುಬಿಟ್ಟಳು. "ನನ್ ಥೀಸಿಸ್ ಹೋಯ್ತು. ನಿಮ್ದೂ ಹಾಳ್ಮಾಡ್ದೆ."

"ನೀನೇನೂ ಹಾಳ್ ಮಾಡ್ಲಿಲ್ಲ. ಹಾಳಾಗೋದಕ್ಕೆ ಅಲ್ಲಿ ಏನೋ ಇರಬೇಕಲ್ಲ, ಇರಲೇ ಇಲ್ಲ ಕಣಮ್ಮ" ಎಂದೆ. ಇಷ್ಟು ಒಳ್ಳೆಯ ಮಾತು ನನ್ನಿಂದ ಹೇಗೆ ಬಂತೋ ಗೊತ್ತಿಲ್ಲ. ಪ್ರಾಯದಿಂದ ಹಿಡಿದು ಈವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ. ಹೆತ್ತ ಹೆಗ್ಗಣ ಕೊನೆಗೂ ಹೆಗ್ಗಣವೇ.

"ಟಾಕ್‌ನಲ್ಲಿ ಏನ್ ಹೇಳ್ತೀರಾ ಮೇಡಂ?"

"ಐಸು ಅಂತ ಹೇಳ್ತೀನಿ."

ಹಾಗೆಯೇ ಹೇಳಿದೆ. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಎಲ್ಲರ ಮೇಜಿನ ಮೇಲಿತ್ತು. ಮೊದಲು ಮಂಜಿನ ಚಿತ್ರಗಳನ್ನು ತೋರಿಸಿದೆ, ಸಭೆ ತಲೆದೂಗಿತು. ಆಮೇಲೆ ಹಾಟ್‌ಬಾಕ್ಸ್‌ನ ಚಿತ್ರಗಳನ್ನು ತೋರಿಸಿದೆ. ಹಾಟ್‌ಬಾಕ್ಸನ್ನೇ ತೋರಿಸಿದೆ, ಅದೂ ಒಂದು ಸ್ಲೈಡು. ಒಂದು ನಗೆ ಎದ್ದು ಅರ್ಧಕ್ಕೇ ನಿಂತಿತು. ಗೂಟ ಅಲ್ಲಿ ಕೂರುತ್ತದೆ, ಆದರೆ ಏನನ್ನೂ ಹಿಡಿದಿಲ್ಲ, ಇಷ್ಟು ವರ್ಷ ನಾನು ಹೇಳಿದ್ದು ತಪ್ಪು ಎಂದು ಹೇಳಿ ಇಳಿದೆ. ಹೆಗ್ಗಣದ ಸಹೋದ್ಯೋಗಿ ಎರಡು ಲೋಟ ಕಾಫಿ ತಂದು ಒಂದನ್ನು ನನ್ನ ಕೈಗಿಟ್ಟು, ಪಕ್ಕದಲ್ಲಿ ನಿಂತು ಇನ್ನೊಂದನ್ನು ಕುಡಿದರು. ಅವರು ಏನಾದರೂ ಸಮಾಧಾನ ಹೇಳಿದ್ದರೆ ನಾನು ಖಂಡಿತ ಜಗಳಾಡುತ್ತಿದ್ದೆ.

ಆಮೇಲಿನ ವಾರಗಳು ಸಪ್ಪೆ. ಕಪಾಟು ಖಾಲಿ ಮಾಡುವುದು, ಹಳೆಯ ಗಾಜಿನ ಸೀಸೆಗಳನ್ನು ಹಂಚುವುದು. ಹುಡುಗಿಯ ಕೆಲಸವನ್ನು ಇನ್ನೊಬ್ಬ ಪ್ರಾಧ್ಯಾಪಕರಿಗೆ ಒಪ್ಪಿಸುವ ಏರ್ಪಾಡು ಮಾಡಿದೆ. ಅವಳು ಬಿಡಲಿಲ್ಲ, ಅದೇ ಕೋಶಗಳ ಜೊತೆಯೇ ಗುದ್ದಾಡುತ್ತಿದ್ದಳು. ಗೂಟ ಇಲ್ಲದೆಯೂ ನಳಿಗೆಗಳು ಹೇಗೆ ನಿಲ್ಲುತ್ತವೆ ಎಂಬುದೇ ಈಗ ಅವಳ ಪ್ರಶ್ನೆ. ಥೀಸಿಸ್ ತೆಳ್ಳಗಾಗುತ್ತದೆ, ಆದರೆ ಆಗುತ್ತದೆ ಎಂದು ಆ ಪ್ರಾಧ್ಯಾಪಕರು ಹೇಳಿದರು. ಅಷ್ಟು ಕೇಳಿ ನನಗೆ ರಾತ್ರಿ ನಿದ್ದೆ ಬಂತು.

ನಿವೃತ್ತಿಗೆ ಕೆಲವೇ ದಿನ ಇದ್ದಾಗ ಅವಳು ಫೋನು ಮಾಡಿದಳು. "ಮೇಡಂ, ಕೋಣನಕುಂಟೆಗೆ ಬರ್ತೀರಾ? ಬದುಕಿರೋ ಕೋಶದಲ್ಲೇ ಟ್ಯೂಬ್ಸ್ ಹೊಳೆಯೋ ಥರ ಮಾಡಿದೀನಿ. ಗೂಟ ಇಲ್ಲದ್ರಲ್ಲಿ. ತಣ್ಣಗೆ ಮಾಡಿ, ಆಮೇಲೆ ಬೆಚ್ಚಗೆ ಮಾಡ್ತೀನಿ. ನೀವ್ ನೋಡ್ಬೇಕು."

ನನಗೆ ಮನಸ್ಸಿರಲಿಲ್ಲ. ಹೋದದ್ದು ಹೋಯಿತು, ಇನ್ನೊಮ್ಮೆ ಹೋಗಿ ಅದರ ಮುಖ ನೋಡುವುದೇಕೆ. ಬೆಳಗಿನ ಮೆಟ್ರೊದಲ್ಲಿ ಸೀಟು ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ವಾಪಸು ಎಂದುಕೊಂಡು ಹೊರಟೆ. ಸೀಟು ಸಿಗಲಿಲ್ಲ. ನಿಂತುಕೊಂಡೇ ಹೋದೆ.

ಕತ್ತಲು ಮಾಡಿದ ಆ ಕೋಣೆಯಲ್ಲಿ ಪರದೆಯ ಮೇಲೆ ಒಂದೇ ಒಂದು ಕೋಶ. ಒಳಗೆ ಹಸಿರು ಮಂಜು, ನನಗೆ ಚೆನ್ನಾಗಿ ಪರಿಚಯವಾಗಿದ್ದ ಮಂಜು. "ಈಗ ಬಿಸಿ ಆನ್ ಮಾಡ್ತೀನಿ" ಎಂದಳು. ಸೂಕ್ಷ್ಮದರ್ಶಕದ ತಟ್ಟೆ ನಿಧಾನವಾಗಿ ಮೈಯ ಬಿಸಿಗೆ ಏರತೊಡಗಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ ಮಂಜು ಒಂದು ಕಡೆ ಗಟ್ಟಿಯಾದಂತೆ ಕಂಡಿತು. ಅದೇ ಬಿಂದು. ನನ್ನ ಗೂಟ ಕೂರುತ್ತಿದ್ದ ಜಾಗ. ಅಲ್ಲಿ ಈಗ ಅದು ಇಲ್ಲ. ಅಲ್ಲಿಂದ ಒಂದು ಹಸಿರು ಮೊಳಕೆ ಹೊರಬಂತು, ಸ್ವಲ್ಪ ದೂರ ಹೋಗಿ ಬಿದ್ದುಹೋಯಿತು. ಇನ್ನೊಂದು ಬಂತು. ಅದೂ ಬಿತ್ತು. ಆಮೇಲೆ ಎರಡು ಒಟ್ಟಿಗೆ ಬಂದವು, ಒಂದು ಬಿತ್ತು, ಒಂದು ಉಳಿಯಿತು.

ಯಾವುದಿಲ್ಲದೆ ಇದು ನಿಲ್ಲಲಾರದು ಎಂದು ನಾನು ಇಡೀ ಆಯುಷ್ಯ ಹೇಳಿಕೊಂಡು ಬಂದೆನೋ, ಅದಿಲ್ಲದೆ ಇದು ನನ್ನ ಕಣ್ಣೆದುರಿಗೆ ಎದ್ದು ನಿಲ್ಲುತ್ತಿತ್ತು. ನನಗೆ ಹೊಟ್ಟೆ ಉರಿಯಬೇಕಾಗಿತ್ತು. ಉರಿಯುತ್ತದೆ ಎಂದು ಕಾದೆ ಕೂಡ. ಒಂದು ನಳಿಗೆ ಉದ್ದವಾಗುತ್ತ ಉದ್ದವಾಗುತ್ತ ಕೋಶದ ಅಂಚಿನ ಹತ್ತಿರ ಬಂದು ತಡವರಿಸಿತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. "ಬಾ ಬಾ ಬಾ, ಇನ್ನೊಂಚೂರು, ಬೀಳಬೇಡ, ಹಾಂ, ಬಂತು" ಎನ್ನುತ್ತಿದ್ದದ್ದು ನನ್ನದೇ ದನಿ ಎಂದು ಸ್ವಲ್ಪ ತಡವಾಗಿ ತಿಳಿಯಿತು.

ಹುಡುಗಿ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಮೇಡಂ, ನೀವ್ ಯಾರ ಕಡೆ?"

"ಅದರ ಕಡೆ ಕಣಮ್ಮ" ಎಂದೆ. "ಬಿಸಿ ಆಫ್ ಮಾಡ್ಬೇಡ, ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ."